ಬರ್ಮಿಂಗ್‌ಹ್ಯಾಮ್: ಅಪ್ಪ-ಅಮ್ಮನನ್ನು ಹಳೇ ಬಾಲ್ಟಿ ಹೋಟೆಲಿಗೆ ಕರ್ಕೊಂಡು ಹೋಗಬಹುದಾ?

ಮದ್ದೂರು ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ ಮೊದಲ ಸಲ ಇಲ್ಲಿಗೆ ಬಂದಿದ್ದಾರೆ. ಎರಡು ವಾರದಿಂದ ಮನೆಯಲ್ಲೇ ಮುದ್ದೆ, ಸಾರು. ರಾಗಿಹಿಟ್ಟನ್ನೂ ಊರಿಂದಲೇ ಹೊತ್ತು ತಂದಿದ್ದಾರೆ! ಒಂದು ದಿನ ಹೊರಗೆ ಊಟ ಮಾಡಿಸೋಣ ಅಂತ ಆಸೆ. ಲೇಡಿಪೂಲ್ ರಸ್ತೆ ಕಡೆ ಒಂದೇ ಮನೆಯವರು ಎಷ್ಟೋ ವರ್ಷದಿಂದ ನಡೆಸುವ ಬಾಲ್ಟಿ (ಇಲ್ಲಿನ ಒಂದು ಥರದ ಕರಿ) ಹೋಟೆಲುಗಳಿವೆ ಅಂತ ಆಫೀಸಿನಲ್ಲಿ ಹೇಳುತ್ತಾರೆ. ನನಗೆ ಭಯ. ಹೋದ ತಿಂಗಳು ಇನ್ನೊಂದು ಕಡೆ 'ಮದ್ರಾಸ್' ಅನ್ನೋ ಕರಿ ತಗೊಂಡೆ. ಟೊಮೆಟೊ ಗೊಜ್ಜಿಗೆ ಖಾರದಪುಡಿ ಸುರಿದ ಹಾಗಿತ್ತು. ಅಪ್ಪನಿಗೆ ಮೂಳೆ ಇಲ್ಲದಿದ್ದರೆ ಅದು ಮಾಂಸವೇ ಅಲ್ಲ. ಅಮ್ಮ ಸೋಮವಾರ ಮಾಂಸ ಮುಟ್ಟಲ್ಲ. ನನಗೆ ರಜೆ ಇರೋದೇ ಸೋಮವಾರ. ಏನು ಮಾಡಲಿ?

ಇಡ್ಲಿ ಪ್ರಿಯ:
ಸುಮ್ನೆ ದುಡ್ಡು ದಂಡ. ಲೆಸ್ಟರ್‌ಗೆ ಹೋಗಿ. ಬೆಲ್‌ಗ್ರೇವ್ ರಸ್ತೆಯಲ್ಲಿ ಗುಜರಾತಿಗಳ ಸಸ್ಯಾಹಾರಿ ಹೋಟೆಲುಗಳಿವೆ. ಅಮ್ಮ ಖುಷಿಯಾಗುತ್ತಾರೆ. ಅಪ್ಪನ ಪಾಡು ನನಗೆ ಗೊತ್ತಿಲ್ಲ.

ಮುಳುಗಡೆ ಮನೆಯವನು:
ಬಾಲ್ಟಿ ತಿನ್ನದೆ ವಾಪಸ್ ಕಳಿಸಬೇಡಿ ಮಾರಾಯ್ರೆ. ಸೋಮವಾರ ಕೆಲವರು ಬಾಗಿಲು ಹಾಕಿರುತ್ತಾರೆ, ಫೋನ್ ಮಾಡಿಕೊಂಡು ಸಂಜೆ ಮೇಲೆ ಹೋಗಿ.

ಮೊದಲು ಆ ಮದ್ರಾಸ್ ವಿಷಯ. ಇಲ್ಲಿನ ಮೆನುವಿನಲ್ಲಿ ಅದು ಊರಿನ ಹೆಸರಲ್ಲ, ಖಾರದ ಅಳತೆ. ಕೊರ್ಮಾ ಸಪ್ಪೆ, ಮದ್ರಾಸ್ ಖಾರ, ವಿಂದಾಲೂ ಇನ್ನೂ ಖಾರ. ಬಾಲ್ಟಿ ಹಾಗಲ್ಲ, ಅದು ಪಾತ್ರೆಯ ಹೆಸರು. ಹಿಂದಿಯಲ್ಲಿ ಬಾಲ್ಟಿ ಅಂದರೆ ಬಕೆಟ್, ಆದರೆ ಟೇಬಲ್ಲಿಗೆ ಬರೋದು ತೆಳ್ಳನೆ ಸ್ಟೀಲಿನ ಪುಟ್ಟ ಬಾಣಲೆ. ಎಣ್ಣೆಯಲ್ಲಿ, ಜೋರು ಉರಿಯಲ್ಲಿ ಬೇಗ ಬೇಗ ಮಾಡಿ, ಆ ಬಾಣಲೆಯನ್ನೇ ಕುದಿಯುತ್ತಿರುವ ಹಾಗೇ ತಂದಿಡುತ್ತಾರೆ. ಬೇರೆ ಪಾತ್ರೆಯಲ್ಲಿ ಮಾಡಿ ಇದಕ್ಕೆ ಸುರಿದು ಕೊಡುವವರೂ ಇದ್ದಾರೆ. ತಳ ನೋಡಿ. ಕಪ್ಪಗೆ ಸುಟ್ಟಿದ್ದರೆ ಸರಿ. ಫಳಫಳ ಹೊಳೀತಿದ್ರೆ ಮತ್ತೆ ಆ ಕಡೆ ಹೋಗಬೇಡಿ. 1977ರಲ್ಲಿ ಇದನ್ನು ಶುರು ಮಾಡಿದ್ದು ನಾವೇ ಅಂತ ಇಲ್ಲಿನ ಆದಿಲ್ಸ್ ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಈಗ ಹಳೆಯ ಹೋಟೆಲುಗಳು ಬೆರಳೆಣಿಕೆಯಷ್ಟು.

ಅಪ್ಪನಿಗೆ ಮೊದಲೇ ಹೇಳಿಬಿಡಿ, ಬಾಲ್ಟಿಯಲ್ಲಿ ಮೂಳೆ ಇರಲ್ಲ. ಬೇಗ ಬೇಯಬೇಕಲ್ಲ, ಅದಕ್ಕೆ. ಲ್ಯಾಂಬ್ ಚಾಪ್ಸ್ ಹೇಳಿ, ಸಮಾಧಾನವಾಗುತ್ತಾರೆ. ಅಮ್ಮನಿಗೆ ಕಡಲೆಕಾಳು-ಪಾಲಕ್ ಬಾಲ್ಟಿ. ಆದರೆ ಅಡುಗೆಮನೆ ಒಂದೇ, ಸೌಟೂ ಒಂದೇ ಇರಬಹುದು. ಅವರ ಸೋಮವಾರ ಅಷ್ಟು ಕಟ್ಟುನಿಟ್ಟಾ ಅಂತ ಕೇಳಿಕೊಳ್ಳಿ. ಅನ್ನ ಬೇಡ. ಟೇಬಲ್ ನಾನ್ ಅಂತ ಒಂದು ಬರುತ್ತೆ, ಮೊರಕ್ಕಿಂತ ದೊಡ್ಡದು. ಮುರಿದು ಅದ್ದಿ ತಿನ್ನೋದು. ಮೂರು ಜನಕ್ಕೆ ಒಂದೇ ಜಾಸ್ತಿ.

ಇನ್ನೊಂದು ಮಾತು. ಇವನ್ನೆಲ್ಲ ಇಂಡಿಯನ್ ಅಂತ ಕರೆದರೂ ನಡೆಸುವವರು ಹೆಚ್ಚಿನವರು ಪಾಕಿಸ್ತಾನದ ಕಡೆಯವರು, ಮೀರ್‌ಪುರ ಮೂಲದವರು. ನಾನು ಹೋಗುವ ಹೋಟೆಲಿನ ಗಲ್ಲಾದಲ್ಲಿ ಒಬ್ಬರು ಹಿರಿಯರು ಕೂರುತ್ತಾರೆ. ಯಾವ ಊರು ಅಂತ ಕೇಳಿದೆ. "ಊರು ನೀರಿನಡಿ ಇದೆ" ಅಂದರು. ಝೀಲಂ ನದಿಗೆ ಕಟ್ಟಿದ ಮಂಗ್ಲಾ ಅಣೆಕಟ್ಟು, 1967ರಲ್ಲಿ ಮುಗಿದದ್ದು. ಹಳೇ ಮೀರ್‌ಪುರ ಮುಳುಗಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಎದ್ದು ಹೊರಟರು. ಅವರಲ್ಲಿ ತುಂಬ ಮಂದಿ ಬ್ರಿಟನ್ನಿನ ಕಾರ್ಖಾನೆಗಳಿಗೆ ಬಂದರು.

ನಾನು ಅರ್ಧ ನಾನ್ ಕೈಯಲ್ಲಿ ಹಿಡಿದು ಸುಮ್ಮನೆ ನಿಂತೆ. ನನ್ನ ಅಜ್ಜನ ಮನೆ ಮಡೆನೂರಿನ ಹತ್ತಿರ. 1964ರ ಲಿಂಗನಮಕ್ಕಿ ನೀರಿಗೆ ಹೋಯಿತು. ನಮ್ಮನ್ನು ಈಗಲೂ ಮುಳುಗಡೆಯವರು ಅಂತಲೇ ಕರೆಯೋದು. ನನ್ನ ಹರಕು ಹಿಂದಿಯಲ್ಲಿ ಅವರಿಗೆ ಹೇಳಿದೆ. ಬೇಸಿಗೆಯಲ್ಲಿ ನೀರಿಳಿದಾಗ ಹಿರೇಭಾಸ್ಕರದ ಹಳೇ ಡ್ಯಾಮ್ ಮೇಲೆ ಕಾಣುತ್ತೆ, ನೋಡೋಕೆ ಜನ ಹೋಗ್ತಾರೆ ಅಂತ. ಅಲ್ಲೂ ಹಾಗೇ ಅಂತೆ. ನೀರು ಇಳಿದರೆ ಹಳೇ ಗೋರಿಗಳು, ದೇವಸ್ಥಾನಗಳು ಕಾಣುತ್ತವಂತೆ. "ಲೈಟು ಬಂತಾ ನಿಮಗೆ?" ಅಂತ ಕೇಳಿದರು. ಎಷ್ಟೋ ವರ್ಷ ಬರಲಿಲ್ಲ ಅಂದೆ. ನಕ್ಕರು. ಆಮೇಲೆ ಪ್ರತಿ ಸಲ ಚಹಾಕ್ಕೆ ದುಡ್ಡು ತಗೊಳಲ್ಲ. ಬಾಲ್ಟಿಗೆ ಪೂರ್ತಿ ತಗೋತಾರೆ.

ಮದ್ದೂರು ಹುಡುಗಿ:
ಹೋಗಿ ಬಂದ್ವಿ! ಅಪ್ಪ ಆರು ಚಾಪ್ಸ್ ಮುಗಿಸಿ, ಬಾಲ್ಟಿಯನ್ನೂ ಬಳಿದು ತಿಂದರು. "ಇದಕ್ಕೆ ಮುದ್ದೆ ಇರಬೇಕಿತ್ತು" ಅಂತ ಮೂರು ಸಲ ಹೇಳಿದರು. ಅಮ್ಮ ಸೌಟಿನ ವಿಷಯ ಕೇಳಲೇ ಇಲ್ಲ, ನಾನೂ ಎತ್ತಲಿಲ್ಲ. ನೀವು ಹೇಳಿದ್ರಲ್ಲ ಅಂತ ಖಾಲಿಯಾದ ಬಾಣಲೆ ಎತ್ತಿ ತಳ ತೋರಿಸಿದೆ. ಒಳ್ಳೇ ಕಾಡಿಗೆ ಥರ ಮಸಿ. ಅಮ್ಮ ಬೆರಳಲ್ಲಿ ಒರೆಸಿ ನೋಡಿ, "ಓ, ಇದಕ್ಕೇನಾ ಇವರು ಕರಿ ಕರಿ ಅನ್ನೋದು?" ಅಂದರು.