ಅಜೋವ್ ಸಮುದ್ರದ ಲೇಖನಕ್ಕೆ ಪದಗಳು: ಬೆಂಗ್ರೆ, ಸವುಳು, ಕಿಟ್ಟ

ನಮಸ್ಕಾರ. ಹೈಸ್ಕೂಲು ಮಕ್ಕಳಿಗಾಗಿ ಅಜೋವ್ ಸಮುದ್ರದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಉಕ್ರೇನ್ ಮತ್ತು ರಷ್ಯಾ ನಡುವೆ, ಕಪ್ಪು ಸಮುದ್ರದ ಈಶಾನ್ಯಕ್ಕೆ ಇರುವ ಕಡಲು ಇದು. ಕೆಲವು ಪದಗಳಲ್ಲಿ ನಿಮ್ಮ ನೆರವು ಬೇಕು. ಕರಾವಳಿಯವರು, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದವರು ಹೇಳಿದರೆ ಹೆಚ್ಚು ಉಪಕಾರ.

ಪಠ್ಯಪುಸ್ತಕದ ರೂಢಿಯಂತೆ 'ಆಳವಿಲ್ಲದ ಸಮುದ್ರ' ಎಂದರೆ ಮಕ್ಕಳಿಗೆ ಏನೂ ಕಾಣಿಸುವುದಿಲ್ಲ. ಸುಮಾರು 39,000 ಚದರ ಕಿಲೋಮೀಟರು ಹರಡಿಕೊಂಡ ನೀರು, ಅತ್ಯಂತ ಆಳದ ಕಡೆಯೂ 14 ಮೀಟರಿನಷ್ಟೇ. ಸರಾಸರಿ 7ರ ಆಸುಪಾಸು. ನಮ್ಮ ಹಳ್ಳಿಗಳಲ್ಲಿ ನೀರನ್ನು ಮೈಯಿಂದಲೇ ಅಳೆಯುವುದು: ಮೊಣಕಾಲುದ್ದ, ಎದೆಮಟ್ಟ, ಎರಡಾಳು. ಆ ಲೆಕ್ಕದಲ್ಲಿ ಅಜೋವ್ ಸರಾಸರಿ ನಾಲ್ಕಾಳು ಆಳ. ಬಯಲುಸೀಮೆಯ ಎಷ್ಟೋ ತೆರೆದ ಬಾವಿಗಳು ಇದಕ್ಕಿಂತ ಆಳ. ಹಾಗಾಗಿ 'ನಾಲ್ಕಾಳು ಆಳದ ಕಡಲು' ಎಂದೇ ಬರೆದಿದ್ದೇನೆ. ಪ್ರಾಚೀನ ಗ್ರೀಕರು ಇದನ್ನು ಮಯೋಟಿಸ್ ಸರೋವರ ಎಂದು ಕರೆದರು. ರೋಮನ್ನರಿಗೆ ಇದು ಜೌಗು. ಕಡಲೆನ್ನಲು ಅವರಿಗೂ ಮನಸ್ಸು ಬಂದಿರಲಿಲ್ಲ.

'ಒಳನಾಡು ಸಮುದ್ರ' ಎಂದರೆ ಕ್ಯಾಸ್ಪಿಯನ್‌ನಂತೆ ಸುತ್ತಲೂ ನೆಲವೇ ಇದೆ ಎಂಬ ಅರ್ಥ ಬರುತ್ತದೆ. ಅಜೋವ್‌ಗೆ ಕೆರ್ಚ್ ಜಲಸಂಧಿಯ ಬಾಯಿ ಇದೆ. 'ಒಳಗಡಲು' ಸಾಕಲ್ಲವೇ? 2003ರಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡು ಇದನ್ನು ತಮ್ಮ 'ಆಂತರಿಕ ಜಲ' ಎಂದು ಸಾರಿದ್ದವು. ಅದು ಕಾನೂನಿನ ಪದ, ಭೂಗೋಳಕ್ಕೆ ಬಳಸಲಾರೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು 'ಸ್ಪಿಟ್'. ಅಜೋವ್‌ನ ಉತ್ತರ ದಡದಿಂದ ಬೆರ್ದ್ಯಾನ್‌ಸ್ಕ್, ಬಿಲೊಸರೈ ಮುಂತಾದ ಮರಳು ಮತ್ತು ಚಿಪ್ಪಿನ ಉದ್ದ ಪಟ್ಟಿಗಳು ಕಡಲೊಳಕ್ಕೆ ಚಾಚಿವೆ. ಪಶ್ಚಿಮದ ಅರಬಾತ್ ಪಟ್ಟಿಯಂತೂ 110 ಕಿಲೋಮೀಟರಿಗೂ ಉದ್ದ. ಅದರ ಆಚೆಗೆ ಸಿವಾಶ್ ಹಿನ್ನೀರು, 'ಕೊಳೆತ ಕಡಲು' ಎಂದೇ ಹೆಸರಾದದ್ದು. 'ಮರಳು ದಿಬ್ಬ' ಎಂದರೆ ರಾಜಸ್ಥಾನ ನೆನಪಾಗುತ್ತದೆ. ನಮ್ಮ ಕರಾವಳಿಯಲ್ಲೇ ಇಂಥ ನೆಲ ಇದೆಯಲ್ಲ! ಮಂಗಳೂರಿನ ಬೆಂಗ್ರೆ, ಉಡುಪಿ ಕಡೆಯ ಕೋಡಿಬೆಂಗ್ರೆ, ಕುಂದಾಪುರದ ಕೋಡಿ. 'ಕೋಡಿ' ಬಳಸೋಣವೆಂದರೆ ಬಯಲುಸೀಮೆಯವರಿಗೆ ಅದು ಕೆರೆ ತುಂಬಿ ಹರಿಯುವ ಜಾಗ. ಉಳಿದದ್ದು 'ಬೆಂಗ್ರೆ'. ಅದು ಅಲ್ಲಿ ಬರೀ ಊರ ಹೆಸರೋ, ಅಥವಾ 'ಈ ಅಳಿವೆಯಲ್ಲಿ ಹೊಸ ಬೆಂಗ್ರೆ ಎದ್ದಿದೆ' ಎಂದು ಮೀನುಗಾರರು ಆಡುವುದುಂಟೋ? ಉಂಟು ಎಂದಾದರೆ ಹಿಂದೆಮುಂದೆ ನೋಡದೆ 'ಅರಬಾತ್ ಬೆಂಗ್ರೆ' ಎಂದು ಬರೆಯುತ್ತೇನೆ.

ಇನ್ನು ನೀರಿನ ರುಚಿ. ದೋನ್ ಮತ್ತು ಕುಬಾನ್ ನದಿಗಳ ಸಿಹಿನೀರು ಬೆರೆಯುವುದರಿಂದ ಅಜೋವ್‌ನ ಉಪ್ಪು ಮಹಾಸಾಗರದ ಅರ್ಧಕ್ಕಿಂತಲೂ ಕಡಿಮೆ. 1952ರಲ್ಲಿ ದೋನ್‌ಗೆ ಅಡ್ಡವಾಗಿ ತ್ಸಿಮ್ಲ್ಯಾನ್‌ಸ್ಕ್ ಜಲಾಶಯ ತುಂಬತೊಡಗಿತು. ಸ್ಟರ್ಜನ್ ಮೀನುಗಳಿಗೆ ಮೊಟ್ಟೆಯಿಡಲು ಮೇಲೇರುವ ದಾರಿ ಮುಚ್ಚಿತು. ನದಿನೀರು ಕಡಿಮೆಯಾದಂತೆ ಕಪ್ಪು ಸಮುದ್ರದ ನೀರು ಒಳನುಗ್ಗಿ, 1970ರ ದಶಕದಲ್ಲಿ ಉಪ್ಪು ಏರಿತು. ಇಂಥ ಅರೆ ಉಪ್ಪಿನ ನೀರಿಗೆ 'ಸವುಳು ನೀರು' ಎನ್ನಬಹುದೇ? ನಾವು ಅದನ್ನು ಬಾವಿ, ಬೋರ್‌ವೆಲ್‌ಗಳಿಗೆ ಹೇಳುತ್ತೇವೆ; ಕಡಲಿಗೂ ಒಗ್ಗುತ್ತದೆ ಎಂದೇ ನನಗನ್ನಿಸುತ್ತದೆ.

ಕೊನೆಯದು 'ಸ್ಲ್ಯಾಗ್', ಅಂದರೆ ಅದಿರು ಕರಗಿಸಿ ಲೋಹ ತೆಗೆದ ಮೇಲೆ ಉಳಿಯುವ ಕಲ್ಮಷ. ಮರಿಯುಪೋಲ್‌ನಲ್ಲಿ, ಕಾಲ್ಮಿಯುಸ್ ನದಿ ಕಡಲು ಸೇರುವಲ್ಲಿ, 1933ರಿಂದ 2022ರ ಯುದ್ಧದವರೆಗೆ ಅಜೋವ್‌ಸ್ತಾಲ್ ಉಕ್ಕಿನ ಕಾರ್ಖಾನೆ ನಡೆಯಿತು. ಕುಲುಮೆಯಿಂದ ಬಂದ ಸ್ಲ್ಯಾಗ್ ಕಡಲಂಚಿನಲ್ಲೇ ಗುಡ್ಡವಾಯಿತು. ಕಲ್ಲಿದ್ದಲನ್ನು ಕೋಕ್ ಮಾಡುವ ಒಲೆಗಳ ನೀರಿನಲ್ಲಿ ಫೀನಾಲು, ಅಮೋನಿಯದಂಥ ವಿಷಗಳು. 'ಕೈಗಾರಿಕಾ ಘನತ್ಯಾಜ್ಯ' ಎಂದು ಬರೆದರೆ ಪ್ಲಾಸ್ಟಿಕ್ ಕಸವೂ ಅದೇ, ಇದೂ ಅದೇ. ಕನ್ನಡದಲ್ಲಿ 'ಕಿಟ್ಟ' ಇದೆ; ಹಳೆಯ ಕಬ್ಬಿಣದ ಕುಲುಮೆಗಳ ಅವಶೇಷ ವರ್ಣಿಸುವಾಗ ಪುರಾತತ್ವದವರು 'ಕಬ್ಬಿಣದ ಕಿಟ್ಟ' ಎನ್ನುತ್ತಾರೆ. ಭದ್ರಾವತಿಯಲ್ಲಿ, ತೋರಣಗಲ್ಲಿನಲ್ಲಿ ಕೆಲಸಗಾರರ ಬಾಯಲ್ಲಿ ಇದು ಉಳಿದಿದೆಯೇ, ಇಲ್ಲ ಎಲ್ಲರೂ ಸ್ಲ್ಯಾಗ್ ಅನ್ನುತ್ತಾರೋ?

ಆಳದ ಮಾತನ್ನು ಇಷ್ಟು ಹಿಡಿದುಕೊಂಡದ್ದಕ್ಕೆ ಕಾರಣವೂ ಇಲ್ಲೇ ಇದೆ. ನಾಲ್ಕಾಳು ನೀರಿನಲ್ಲಿ ಜೋರು ಗಾಳಿ ತಳದವರೆಗೂ ಕಲಕುತ್ತದೆ; ಕೆಸರಿನಲ್ಲಿ ಕೂತ ಲೋಹಗಳು ಮತ್ತೆ ನೀರಿಗೆ ಬರುತ್ತವೆ. ಬೇಸಿಗೆಯಲ್ಲಿ ಗಾಳಿ ನಿಂತರೆ ಇನ್ನೊಂದು ಕೇಡು: ಮೇಲಿನ ಬಿಸಿನೀರು ಕೆಳಗಿನ ನೀರಿನೊಂದಿಗೆ ಬೆರೆಯದೆ, ತಳದಲ್ಲಿ ಕೊಳೆಯುವ ಪಾಚಿ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ, ಮೀನುಗಳು ರಾಶಿರಾಶಿ ಸಾಯುತ್ತವೆ. ರಷ್ಯನ್ನರು ಇದಕ್ಕೆ 'ಜಮೋರ್' ಎನ್ನುತ್ತಾರೆ. ನಮ್ಮ ಪತ್ರಿಕೆಗಳ 'ಮೀನುಗಳ ಮಾರಣಹೋಮ'ದಲ್ಲಿ ಉಸಿರುಗಟ್ಟಿದ ಸಂಗತಿಯೇ ಇಲ್ಲ. ಕೆರೆ ಮೀನುಗಾರರಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ತಿಳಿಸಿ, ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ.