ಬ್ಯಾರಿಸ್ಟರ್ ಜ್ಯೋತಿ ಬಸು ವಕೀಲಿಕೆ ಬಿಟ್ಟದ್ದೇಕೆ?

ಪ್ರಶ್ನೆ: ಲಂಡನ್ನಿನ ಮಿಡಲ್ ಟೆಂಪಲ್‌ನಲ್ಲಿ ಕಾನೂನು ಓದಿ 1940ರಲ್ಲಿ ಕಲ್ಕತ್ತೆಗೆ ಮರಳಿದ, ಮುಂದೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾದ ಕಮ್ಯುನಿಸ್ಟ್ ನಾಯಕ ಜ್ಯೋತಿ ಬಸು ಅವರು, ಕೈತುಂಬ ಸಂಪಾದನೆ ತರಬಹುದಾಗಿದ್ದ ವಕೀಲಿಕೆಯನ್ನು ಬಿಟ್ಟು ರಾಜಕಾರಣಕ್ಕಿಳಿದದ್ದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಅವರ ಮನಸ್ಸು ತಿರುಗಿದ್ದು ಇಂಗ್ಲೆಂಡಿನಲ್ಲೇ. ಭಾರತದ ಸ್ವಾತಂತ್ರ್ಯಕ್ಕಾಗಿ ಅಲ್ಲಿ ದುಡಿಯುತ್ತಿದ್ದ ಇಂಡಿಯಾ ಲೀಗ್ ಹಾಗೂ ಭಾರತೀಯ ವಿದ್ಯಾರ್ಥಿಗಳ ಸಂಘವಾದ ಲಂಡನ್ ಮಜ್ಲಿಸ್‌ನ ಕೆಲಸಗಳಲ್ಲಿ ತೊಡಗಿ, ಅಲ್ಲಿನ ಕಮ್ಯುನಿಸ್ಟರ ಒಡನಾಟ ಬೆಳೆಸಿಕೊಂಡಿದ್ದ ಅವರು ಊರಿಗೆ ಬಂದ ಮೇಲೆ ರೈಲ್ವೆ ಕಾರ್ಮಿಕರ ಸಂಘಟನೆಗೆ ನಿಂತರು. 1946ರಲ್ಲಿ ಬಂಗಾಳದ ವಿಧಾನಸಭೆಗೆ ಆಯ್ಕೆಯಾದದ್ದೂ ರೈಲ್ವೆ ಕಾರ್ಮಿಕರ ಕ್ಷೇತ್ರದಿಂದಲೇ.

ಉತ್ತರ 2: ಮೇಲಿನವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ. ಕಲಿತ ಕಾನೂನು ವ್ಯರ್ಥವಾಯಿತೆಂದು ನನಗನ್ನಿಸುವುದಿಲ್ಲ. 1977ರಲ್ಲಿ ಮುಖ್ಯಮಂತ್ರಿಯಾದ ಮರುವರ್ಷವೇ ಅವರ ಸರ್ಕಾರ ಆರಂಭಿಸಿದ ಆಪರೇಷನ್ ಬರ್ಗಾದಲ್ಲಿ ಅಧಿಕಾರಿಗಳೇ ಸಂಜೆಯ ಹೊತ್ತು ಹಳ್ಳಿಗಳಿಗೆ ಹೋಗಿ, ಬೆಳೆಯ ಪಾಲಿಗೆ ದುಡಿಯುವ ಗೇಣಿದಾರರ ಹೆಸರುಗಳನ್ನು ಎಲ್ಲರೆದುರು ಬರೆದುಕೊಂಡು, ಭೂಮಾಲೀಕರು ಅವರನ್ನು ಮನಬಂದಂತೆ ಒಕ್ಕಲೆಬ್ಬಿಸದಂತೆ ದಾಖಲೆಯ ಬಲ ಒದಗಿಸಿದರು. ಕೈಗಾರಿಕೆಯ ವಿಷಯದಲ್ಲಿ ಮಾತ್ರ ಇಷ್ಟು ಹೊಗಳಲಾರೆ. ಅವರ ಕಾಲದಲ್ಲಿ ಮುಷ್ಕರ, ಬೀಗಮುದ್ರೆಗಳಿಂದ ಎಷ್ಟೋ ಕಾರ್ಖಾನೆಗಳು ಸೊರಗಿದವು.

ಉತ್ತರ 3: ನಮ್ಮ ರಾಜ್ಯಕ್ಕೂ ಇಲ್ಲೊಂದು ನಂಟಿದೆ. 1996ರಲ್ಲಿ ಹಲವು ಪಕ್ಷಗಳ ಮೈತ್ರಿಕೂಟವಾದ ಸಂಯುಕ್ತ ರಂಗ ಪ್ರಧಾನಿ ಪಟ್ಟವನ್ನು ಬಸು ಅವರಿಗೇ ನೀಡಲು ಮುಂದಾದಾಗ ಅವರ ಪಕ್ಷವಾದ ಸಿಪಿಎಂ ಒಪ್ಪಲಿಲ್ಲ; ಆಗ ಆ ಸ್ಥಾನಕ್ಕೇರಿದವರು ಎಚ್.ಡಿ. ದೇವೇಗೌಡರು. ಪಕ್ಷದ ನಿರ್ಧಾರ ಐತಿಹಾಸಿಕ ಪ್ರಮಾದವೆಂದು ಬಸು ಬಹಿರಂಗವಾಗಿಯೇ ಹೇಳಿದರು, ಆದರೂ ಪಕ್ಷ ಬಿಡಲಿಲ್ಲ.