ಗೋಲ್ಡನ್ ಗೇಟ್: ಸಾಫ್ಟ್‌ವೇರ್ ಸರಿ ಅಂತಿದೆ, ಕಾಲೊನಿಯಲ್ಲಿ ನಡುವಿನ ಎರಡು ತುಂಡೇ ಇಲ್ಲ

ಪ್ರಶ್ನೆ (ಭತ್ತದಬೆಂಚು):
ಎಲ್ಲರಿಗೂ ನಮಸ್ಕಾರ. ಭತ್ತಕ್ಕೆ ಹೊಂದುವಂತೆ ಕೋಡಾನ್ (ಅಮೈನೋ ಆಮ್ಲ ಸೂಚಿಸೋ ಮೂರಕ್ಷರ) ಬದಲಿಸಿದ ಕ್ಯಾಸ್9 (ಡಿಎನ್‌ಎ ಕತ್ತರಿಸೋ ಪ್ರೋಟೀನ್) ಜೀನನ್ನು ಗೋಲ್ಡನ್ ಗೇಟ್‌ನಲ್ಲಿ, ಅಂದ್ರೆ ತುಂಡುಗಳ ತುದಿ ಕಿಣ್ವದಿಂದ ಕಡಿದು ಬೆಸೆಯೋ ವಿಧಾನದಲ್ಲಿ, ಜೋಡಿಸುತ್ತಿದ್ದೇನೆ; ಉದ್ದ 4,107 ಬೇಸ್ (ಡಿಎನ್‌ಎ ಅಕ್ಷರ). ಸಾಫ್ಟ್‌ವೇರ್‌ಗೆ ನಾಲ್ಕು ಸಮ ತುಂಡು ಮಾಡು ಅಂತ ಕೊಟ್ಟು, ಎರಡೂ ತುದಿಗೆ ಬಿಎಸ್‌ಎ-ಒನ್ ಸೈಟ್ (ಆ ಹೆಸರಿನ ಕಿಣ್ವ ಗುರುತಿಸಿ ಕಡಿಯೋ ಅಕ್ಷರಸಾಲು) ಹಾಕಿಸಿ ಆರ್ಡರ್ ಮಾಡಿದೆ. ಸಿಮ್ಯುಲೇಶನ್‌ನಲ್ಲಿ ಎಲ್ಲಾ ಸರಿಯಾಗಿ ಕೂತಿತ್ತು. ಜೋಡಿಸಿದ್ದನ್ನು ಬ್ಯಾಕ್ಟೀರಿಯಾಕ್ಕೆ ಹಾಕಿದ ಮೇಲೆ ಕಾಲೊನಿಗಳೂ ಬೇಕಾದಷ್ಟು ಬಂದಿವೆ. ಆದರೆ ಕಾಲೊನಿ ಪಿಸಿಆರ್‌ನಲ್ಲಿ (ಕಾಲೊನಿಯ ಡಿಎನ್‌ಎ ನಕಲಿಸಿ ಉದ್ದ ನೋಡೋದು) 4 ಕೆಬಿ (4,000 ಬೇಸ್) ಬದಲು 2 ಕೆಬಿ ಹತ್ತಿರ ಬ್ಯಾಂಡ್. ಸೀಕ್ವೆನ್ಸ್ ಮಾಡಿಸಿದರೆ ಒಂದನೇ ತುಂಡು ಮುಗಿದ ಕೂಡಲೇ ನಾಲ್ಕನೆಯದು ಶುರು! ಎರಡು, ಮೂರು ಎಲ್ಲಿ ಹೋದವು?

ಉತ್ತರ (ಜೆಲ್‌ಡಬ್ಬಿ):
ಒಳಗೆಲ್ಲೋ ಬಿಎಸ್‌ಎ-ಒನ್ ಸೈಟ್ ಉಳಿದಿರಬೇಕು. ಜಿಜಿಟಿಸಿಟಿಸಿ ಮಾತ್ರ ಹುಡುಕಿದರೆ ಸಾಲದು, ಅದೇ ಸೈಟ್ ಎದುರೆಳೆಯಲ್ಲಿದ್ದರೆ ಕಾಣೋ ಜಿಎಜಿಎಸಿಸಿ ಕೂಡ ನೋಡಿ.

ಭತ್ತದಬೆಂಚು:
ಎರಡನ್ನೂ ನೋಡಿಯೇ ಆರ್ಡರ್ ಮಾಡಿದ್ದು, ಒಳಗೆ ಒಂದೂ ಇಲ್ಲ.

ಉತ್ತರ (ನಾಲ್ಕಕ್ಷರ):
ಒಳಗೆ ಸೈಟ್ ಇದ್ದರೆ ತುಂಡು ಅಲ್ಲಿ ಕಡಿದುಹೋಗುತ್ತೆ, ಸರಿ. ಆದರೆ ನಿಮ್ಮಲ್ಲಿ ಒಂದು ಮತ್ತು ನಾಲ್ಕು ಇಷ್ಟು ನೀಟಾಗಿ ಸೇರಿವೆ ಅಂದ್ರೆ ನನಗೆ ಓವರ್‌ಹ್ಯಾಂಗ್ (ಕಡಿದ ಮೇಲೆ ತುದಿಯಲ್ಲಿ ಚಾಚಿರೋ ನಾಲ್ಕಕ್ಷರದ ಒಂಟಿ ಎಳೆ) ಮೇಲೇ ಅನುಮಾನ. ಐದೂ ಜೋಡಣೆಗಳ ನಾಲ್ಕಕ್ಷರ ಹಾಕಿ.

ಭತ್ತದಬೆಂಚು:
ವೆಕ್ಟರ್ (ಜೀನ್ ಕೂರಿಸೋ ಉಂಗುರದ ಡಿಎನ್‌ಎ) ಮತ್ತು 1: ಎಎಟಿಜಿ. 1 ಮತ್ತು 2: ಜಿಜಿಸಿಟಿ. 2 ಮತ್ತು 3: ಟಿಜಿಎಸಿ. 3 ಮತ್ತು 4: ಜಿಜಿಟಿಟಿ. 4 ಮತ್ತು ವೆಕ್ಟರ್: ಜಿಸಿಟಿಟಿ. ಎಲ್ಲಾ ಬೇರೆಬೇರೆ ಇವೆ ಅಲ್ವಾ?

ನಾಲ್ಕಕ್ಷರ:
ಬೇರೆ ಇವೆ, ಸಾಕಷ್ಟು ಬೇರೆ ಇಲ್ಲ. ಜಿಜಿಸಿಟಿ, ಜಿಜಿಟಿಟಿ ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ, ವ್ಯತ್ಯಾಸ ಒಂದೇ ಅಕ್ಷರ. ಒಂದನೇ ತುಂಡಿನ ಬಲತುದಿಯ ಕೆಳ ಎಳೆಯಲ್ಲಿ ಆ ಜಾಗದಲ್ಲಿ ಇರೋದು ಜಿ. ನಾಲ್ಕನೇ ತುಂಡಿನಿಂದ ಅದರ ಎದುರಿಗೆ ಬರೋದು ಟಿ. ಜಿಗೆ ಸರಿಯಾದ ಜೋಡಿ ಸಿ, ಆದರೂ ಜಿ-ಟಿ ಜೋಡಿಯನ್ನು ಟಿ4 ಲೈಗೇಸ್ (ತುದಿಗಳನ್ನು ಬೆಸೆಯೋ ಕಿಣ್ವ) ಅಷ್ಟಾಗಿ ತಕರಾರು ಮಾಡದೆ ಬೆಸೆದುಬಿಡುತ್ತೆ. ಒಂದು, ನಾಲ್ಕು, ವೆಕ್ಟರ್ ಸೇರಿ ಉಂಗುರ ಪೂರ್ತಿಯಾಯಿತು, ಆಂಟಿಬಯಾಟಿಕ್ ಪ್ಲೇಟ್‌ನಲ್ಲಿ ಕಾಲೊನಿಯೂ ಬಂತು. ಬಹಳಷ್ಟು ಸಿಮ್ಯುಲೇಶನ್‌ಗಳು ನಾಲ್ಕೂ ಅಕ್ಷರ ಹೊಂದುತ್ತವಾ ಅಂತ ಅಷ್ಟೇ ನೋಡುತ್ತವೆ. ಲೈಗೇಸ್‌ಗೆ ಅಷ್ಟು ಶಿಸ್ತಿಲ್ಲ.

ಖಚಿತ ಮಾಡಿಕೊಳ್ಳೋಕೆ ಒಂದು ದಾರಿ ಇದೆ. ತಪ್ಪು ಜೋಡಿಯನ್ನು ಬ್ಯಾಕ್ಟೀರಿಯಾ ಯಾವ ಕಡೆಗಾದರೂ ಸರಿಮಾಡಬಹುದು. ಹಾಗಾಗಿ ಒಂದು-ನಾಲ್ಕು ಸೇರಿದ ಜಾಗದಲ್ಲಿ ಕೆಲವು ಕಾಲೊನಿ ಜಿಜಿಸಿಟಿ, ಕೆಲವು ಜಿಜಿಟಿಟಿ ತೋರಿಸಬೇಕು.

ಭತ್ತದಬೆಂಚು:
ಈಗ ಫೈಲ್ ತೆರೆದು ನೋಡಿದೆ. ಹೌದು, ಎರಡೂ ಇವೆ! ಸೀಕ್ವೆನ್ಸಿಂಗ್ ತಪ್ಪು ಅಂತ ಬಿಟ್ಟುಬಿಟ್ಟಿದ್ದೆ. ಈಗ ಎಲ್ಲಾ ತುಂಡು ಮತ್ತೆ ಆರ್ಡರ್ ಮಾಡಬೇಕಾ? ಗೈಡ್ ಹತ್ರ ಕೇಳೋಕೆ ಧೈರ್ಯ ಇಲ್ಲ.

ನಾಲ್ಕಕ್ಷರ:
ಬೇಡ, ಮೂರು, ನಾಲ್ಕನೇ ತುಂಡಿನ ತುದಿ ಪಿಸಿಆರ್‌ನಲ್ಲಿ ಬದಲಿಸೋಕೆ ಎರಡು ಪ್ರೈಮರ್ (ನಕಲು ಶುರುಮಾಡಿಸೋ ಚಿಕ್ಕ ಡಿಎನ್‌ಎ ತುಣುಕು) ಹೊಸದು ಸಾಕು. ಜಿಜಿಟಿಟಿ ಹಿಂದೆ ಏನಿದೆ?

ಭತ್ತದಬೆಂಚು:
ಸಿಟಿಎಸಿಜಿಎಎಜಿ, ಆಮೇಲೆ ಜಿಜಿಟಿಟಿ.

ನಾಲ್ಕಕ್ಷರ:
ಅದರಲ್ಲೇ ಎಸಿಜಿಎ ಇದೆ, ಅದನ್ನೇ ಹೊಸ ಜೋಡಣೆ ಮಾಡಿ. ಅಂದ್ರೆ ಕಡಿಯೋ ಜಾಗ 6 ಬೇಸ್ ಎಡಕ್ಕೆ ಸರಿಯುತ್ತೆ. ಓವರ್‌ಹ್ಯಾಂಗ್ ಜೀನ್‌ನದ್ದೇ ಅಕ್ಷರ ಆದ್ದರಿಂದ ಪ್ರೋಟೀನ್‌ನಲ್ಲಿ ಏನೂ ಬದಲಾಗಲ್ಲ. ನಾಲ್ಕನೇ ತುಂಡಿನ ಫಾರ್ವರ್ಡ್ ಪ್ರೈಮರ್: ಮೊದಲು ನಾಲ್ಕೈದು ಹೆಚ್ಚುವರಿ ಬೇಸ್, ಜಿಜಿಟಿಸಿಟಿಸಿ, ಯಾವುದಾದರೂ ಒಂದು ಬೇಸ್, ಎಸಿಜಿಎಎಜಿ, ಆಮೇಲೆ ಜಿಜಿಟಿಟಿಯಿಂದ ಶುರುವಾಗಿ 20 ಬೇಸ್‌ನಷ್ಟು. ಆ ಮಧ್ಯದ ಒಂದು ಬೇಸ್ ಮರೆತರೆ ಓವರ್‌ಹ್ಯಾಂಗ್ ಒಂದಕ್ಷರ ಜರುಗಿಬಿಡುತ್ತೆ, ಹುಷಾರು. ಮೂರನೆಯದರ ರಿವರ್ಸ್ ಪ್ರೈಮರ್ ಎಸಿಜಿಎ ಹತ್ರವೇ ಮುಗಿಯಲಿ, ಅದಕ್ಕೂ ಇದೇ ಬಾಲ, ಓವರ್‌ಹ್ಯಾಂಗ್ ಜಾಗದಲ್ಲಿ ಟಿಸಿಜಿಟಿ (ಎಸಿಜಿಎಯ ಎದುರೆಳೆ). ಪ್ರೂಫ್‌ರೀಡಿಂಗ್ ಪಾಲಿಮರೇಸ್ (ನಕಲಿನ ತಪ್ಪು ತಾನೇ ತಿದ್ದೋ ಕಿಣ್ವ) ಬಳಸಿ. ಒಂದು, ಎರಡನೇ ತುಂಡು ಇದ್ದ ಹಾಗೇ ನಡೆಯುತ್ತವೆ.

ಜೆಲ್‌ಡಬ್ಬಿ:
ನಾಲ್ಕಕ್ಷರದಲ್ಲಿ 256 ಓವರ್‌ಹ್ಯಾಂಗ್ ಸಾಧ್ಯ. ತನಗೆ ತಾನೇ ಅಂಟಿಕೊಳ್ಳೋ 16 ಬಿಟ್ಟರೆ ಉಳಿಯೋದು 120 ಜೋಡಿ (ಒಂದು ಓವರ್‌ಹ್ಯಾಂಗ್, ಅದರ ಎದುರೆಳೆ ಸೇರಿ ಒಂದು ಜೋಡಿ). ಅದರಲ್ಲಿ ಆರಿಸೋದನ್ನು ಕಣ್ಣಳತೆಗೆ ಯಾಕೆ ಬಿಡ್ತೀರಿ? ಕಿಣ್ವ ಮಾರೋ ಕಂಪನಿ ನ್ಯೂ ಇಂಗ್ಲೆಂಡ್ ಬಯೋಲ್ಯಾಬ್ಸ್‌ನವರ ಸ್ಪ್ಲಿಟ್‌ಸೆಟ್ ಅನ್ನೋ ಆನ್‌ಲೈನ್ ಸಾಧನಕ್ಕೆ ಸೀಕ್ವೆನ್ಸ್ ಕೊಟ್ಟರೆ ಲೈಗೇಸ್ ಎಡವದ ಜಾಗ ನೋಡಿ ಕಡಿದುಕೊಡುತ್ತೆ. ತುಂಡುಗಳು ಉದ್ದದಲ್ಲಿ ಸಮ ಇರಲ್ಲ, ಇರಬೇಕಾಗೂ ಇಲ್ಲ. ಈಗಾಗಲೇ ಇರೋ ಓವರ್‌ಹ್ಯಾಂಗ್ ಪರೀಕ್ಷಿಸೋಕೆ ಅವರದೇ ಲೈಗೇಸ್ ಫಿಡೆಲಿಟಿ ವ್ಯೂವರ್ ಇದೆ.

ಭತ್ತದಬೆಂಚು:
ಪ್ರೈಮರ್ ಆರ್ಡರ್ ಹಾಕಿದೆ. ಹೊಸ ಐದನ್ನೂ ವ್ಯೂವರ್‌ನಲ್ಲಿ ಹಾಕಿ ನೋಡ್ತೀನಿ.

ನಾಲ್ಕಕ್ಷರ:
ಕಾಲೊನಿ ಪಿಸಿಆರ್‌ಗೆ ಈ ಸಲ ಒಂದು ಪ್ರೈಮರ್ ಎರಡನೇ ತುಂಡಿನ ಒಳಗೆ, ಇನ್ನೊಂದು ಮೂರರ ಒಳಗೆ ಇಡಿ. 4 ಕೆಬಿ ಬ್ಯಾಂಡ್‌ಗಾಗಿ ಕಾಯಬೇಕಿಲ್ಲ, ನಡುವಿನವು ಬಂದಿವೆಯೋ ಇಲ್ಲವೋ ಬೇಗ ಗೊತ್ತಾಗುತ್ತೆ.